ಎರಡನೆಯ ಸಲ ಮೆಲ್ಲಗೆ

ಹತ್ತಿಯ ಧೂಳು ಮೂಗಿಗೆ ಹೋದರೆ ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ಕ್ಷಯದ ಹೆದರಿಕೆ, ಕಡೆಗೆ ಕಾಸಾರಶಿರಸಿಯ ನೆನಪು. ಹೋದ ತಿಂಗಳು ಇವೆಲ್ಲ ಒಂದರ ಹಿಂದೊಂದು ಬಂದವು. ಉದಗೀರದಲ್ಲಿ ನೆಂಟರ ಮದುವೆ ಉಂಡು ಉಮರಗಾದ ಬಸ್ಸು ಹತ್ತಿದ್ದೆ. ನಿಲಂಗಾದಲ್ಲಿ ಒಬ್ಬಾತ ಹೊಸದಾಗಿ ತುಂಬಿಸಿದ ಗಾದಿಯನ್ನು ಸುರುಳಿ ಸುತ್ತಿ ತಂದು, ನನ್ನ ತೊಡೆಗೆ ಒತ್ತಿ ನಿಲ್ಲಿಸಿ, ತಾನು ಬಾಗಿಲಲ್ಲಿ ಜೋತುಬಿದ್ದ. ಹೊಲಿಗೆಯ ಸಂದಿನಿಂದ ಬಿಳಿ ಎಳೆಗಳು ಹಾರಿ ಕನ್ನಡಕಕ್ಕೆ ಅಂಟಿಕೊಂಡವು. ಸೀನಿದೆ. ಎದೆ ಮುಟ್ಟಿ ನೋಡಿಕೊಂಡೆ. ಅಷ್ಟರಲ್ಲಿ ಕಂಡಕ್ಟರು, ಕಾಸಾರಶಿರಸಿ ಬಂತು, ಚಹಾ ಕುಡಿಯುವವರು ಇಳಿಯಿರಿ ಎಂದು ಮರಾಠಿಯಲ್ಲಿ ಕೂಗಿದ.

ಇಳಿಯಲೋ ಬೇಡವೋ ಎಂದು ಕುಳಿತೆ. ಇಳಿದರೆ ಬಸ್ಸು ನನ್ನನ್ನು ಬಿಟ್ಟು ಹೋದೀತು, ಚೀಲ ಒಳಗೇ ಉಳಿದೀತು, ಚೀಲದಲ್ಲಿ ರಕ್ತದೊತ್ತಡದ ಗುಳಿಗೆ ಇವೆ. ಬಸ್ಸು ನನ್ನನ್ನು ಎಂದೂ ಬಿಟ್ಟು ಹೋಗಿಲ್ಲ. ಆದರೂ ಪ್ರತಿ ಸಲ ಹೆದರುತ್ತೇನೆ. ಹೆದರುತ್ತಲೇ ಇಳಿದೆ.

ಆ ಊರಿನಲ್ಲಿ ನಾನು ಕಳೆದದ್ದು ಒಂದೇ ಒಂದು ಚಳಿಗಾಲ. ಪೊಲೀಸ್ ಆ್ಯಕ್ಷನ್ ಆಗಿ ಏಳೆಂಟು ವರ್ಷ ಆಗಿತ್ತು. ನಿಜಾಮನ ಆಳ್ವಿಕೆ ಹೋಗಿತ್ತು, ಹೈದರಾಬಾದ ರಾಜ್ಯ ಮಾತ್ರ ಇನ್ನೂ ಇತ್ತು. ಅದನ್ನೂ ಭಾಷೆ ನೋಡಿ ಹಂಚುತ್ತಾರೆಂಬ ಸುದ್ದಿ ದಿನಕ್ಕೊಂದು ಬಗೆಯಾಗಿ ಬರುತ್ತಿತ್ತು. ನಾನು ಭಾಲ್ಕಿಯ ಕಡೆಯಿಂದ ಬಂದ ಕನ್ನಡ ಮಾಸ್ತರ. ಊರು ಮರಾಠಿ ಕಡೆಗೆ ಹೋದರೆ ನನ್ನ ಶಾಲೆ ಹೋಗುತ್ತದೆ, ಶಾಲೆ ಹೋದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಗೊತ್ತಾದ ಮದುವೆ ಮುರಿಯುತ್ತದೆ ಎಂದು ನಾನು ಬೆಳಗಿನ ಚಹಾಕ್ಕೆ ಮೊದಲೇ ಒಂದು ಸುತ್ತು ಚಿಂತೆ ಮುಗಿಸಿಕೊಳ್ಳುತ್ತಿದ್ದೆ.

ಇದ್ದದ್ದು ಗುರಲಿಂಗಪ್ಪ ಸಾವಕಾರರ ಗೋದಾಮಿನ ಮೇಲಿನ ಕೋಣೆಯಲ್ಲಿ. ಕಾಳಿನ ವ್ಯಾಪಾರಿ, ನಲವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ. ಅದಕ್ಕಿಂತ ಹೆಚ್ಚಾಗಿ ಅವರು ನಕಲಿಗೆ ಪ್ರಸಿದ್ಧರು. ತಹಸೀಲ್ದಾರ ಕೆಮ್ಮುವುದು, ಮಠದ ಸ್ವಾಮಿಗಳು ಆಶೀರ್ವಾದ ಮಾಡುವುದು, ನಾನು ಮಕ್ಕಳಿಗೆ ಹೊಡೆಯಲು ಬೆತ್ತ ಎತ್ತಿ ಹೊಡೆಯಲೋ ಬೇಡವೋ ಎಂದು ಇಳಿಸುವುದು, ಎಲ್ಲ ಅವರ ಬಾಯಲ್ಲೂ ಕೈಯಲ್ಲೂ ಇತ್ತು. ತೊಗರಿ ತೂಗಿಸಲು ಬಂದವರು ನಕಲು ನೋಡಿಯೇ ಏಳುತ್ತಿದ್ದರು.

ನಾಟಕದ ಮಾತು ಹುಟ್ಟಿದ್ದು ಎಳ್ಳಮಾವಾಸ್ಯೆಯ ದಿನ, ಅವರ ಹೊಲದಲ್ಲಿ. ಜೋಳದ ದಂಟಿನ ಗೂಡಿನಲ್ಲಿ ಪಾಂಡವರ ಪೂಜೆ ಮಾಡಿ, ಹೊಲದ ಸುತ್ತ ಎಡೆಯ ಚರಗ ಚೆಲ್ಲಿ, ಎಲ್ಲರೂ ಭಜ್ಜಿ, ರೊಟ್ಟಿ, ಅಂಬಲಿಗೆ ಕುಳಿತಿದ್ದೆವು. ಖಾರ ನೆತ್ತಿಗೇರಿ ನಾನು ನೀರು ಕೇಳಿದೆ. ಆಳು ಕೊಡ ಹೊತ್ತು ಪಕ್ಕದ ಹೊಲಕ್ಕೆ ಓಡಿದ. ನಮ್ಮ ಮುಂದೆಯೇ ಬಾವಿಯ ಕಟ್ಟೆಯಂಥದೊಂದಿತ್ತು, ಒಳಗೆ ಬಾಯಿತನಕ ಮಣ್ಣು, ಮಣ್ಣಿನ ಮೇಲೆ ಜಾಲಿ.

"ಬಾವಿ ಇಲ್ಲೇ ಇತ್ತಲ್ರೀ ಸಾವಕಾರ್ರ?" ಎಂದೆ.

"ಮುಚ್ಚಿಸೀನ್ರಿ ಮಾಸ್ತರ. ನೀರು ಕೆಟ್ಟಿತ್ತು."

ಹಾಗಾದರೆ ಪಕ್ಕದ ಹೊಲದ ನೀರೂ ಕೆಟ್ಟಿರಬಹುದೇ ಎಂಬ ಚಿಂತೆ ನನಗೆ ಹತ್ತಿಕೊಂಡಿತು. ಅದರಾಚೆ ನಾನೇನೂ ಯೋಚಿಸಲಿಲ್ಲ.

ಆಗ ದರ್ಜಿ ವಿಠೋಬಾ ಎದ್ದು ನಿಂತ. ಮರಾಠಿ ಕನ್ನಡ ಎರಡನ್ನೂ ಒಂದೇ ಸೂಜಿಯಲ್ಲಿ ಹೊಲಿಯುವ ಮನುಷ್ಯ. "ಯಂದಾ ಶಿವರಾತ್ರಿಗಿ ನಾಟಕ ಪಾಯಜೇಚ, ಬೇಕಽ ಬೇಕು! ಮಾಸ್ತರ ಬರೀತಾರ, ನಾ ರಾಜಾ ಆಗ್ತೀನಿ, ಸಾವಕಾರ್ರು ಖರ್ಚಾ ಹಾಕ್ತಾರ."

"ರಾಜ್ಯ ನಿಂದು, ಖಜಾನೆ ನಂದು?" ಎಂದರು ಗುರಲಿಂಗಪ್ಪ. ಎಲ್ಲರೂ ನಕ್ಕರು. ನಾಟಕ ಗೊತ್ತಾಯಿತು.

ಬರೆಯಲು ಕುಳಿತಾಗ ಮೊದಲ ತೊಡಕು ಬಂತು. ಮನೆಯಲ್ಲಿ ಕನ್ನಡ ಆಡುವ ನನ್ನ ನಟರಲ್ಲಿ ಒಬ್ಬನಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಿರಿಯರು ನಿಜಾಮನ ಕಾಲದಲ್ಲಿ ಉರ್ದು ಕಲಿತವರು, ಕಿರಿಯರು ಮರಾಠಿ. ಹೀಗಾಗಿ ನಾನು ಕನ್ನಡ ನಾಟಕವನ್ನು ಮರಾಠಿಯ ಬಾಲಬೋಧ ಅಕ್ಷರದಲ್ಲಿ ಬರೆದೆ. ಇನ್ಸ್‌ಪೆಕ್ಟರು ಅದನ್ನು ನೋಡಿಬಿಟ್ಟರೆ, ಕನ್ನಡ ಮಾಸ್ತರನೇ ಈ ಊರು ಮರಾಠಿ ಎಂದು ಸಾಕ್ಷಿ ಕೊಟ್ಟಿದ್ದಾನೆ ಎಂದು ಬರೆದುಕೊಂಡು ಹೋದಾರು ಎಂಬ ಹೆದರಿಕೆಯಲ್ಲಿ ಹಾಳೆಗಳನ್ನು ಜೋಳದ ಚೀಲದ ಕೆಳಗೆ ಇಡುತ್ತಿದ್ದೆ. ಇಲಿ ಎರಡು ಪ್ರವೇಶ ತಿಂದಿತು.

ಕತೆ ಇಷ್ಟೇ: ರಾಜ ವೇಷ ಮರೆಸಿ ಪ್ರಜೆಗಳ ಸುಖದುಃಖ ಕೇಳಲು ಪೇಟೆಗೆ ಬರುತ್ತಾನೆ. ಮೊದಲ ತಾಲೀಮಿನಲ್ಲಿ ವಿಠೋಬಾ ಎದೆಯುಬ್ಬಿಸಿ, "ಎಲೈ ಮಂತ್ರಿವರ್ಯನೇ, ಎಮ್ಮ ಪ್ರಜೆಗಳು ಕ್ಷೇಮವಾಗಿರುವರೇ?" ಎಂದು ಓದಿದ. ಗೋದಾಮು ಆಕಳಿಸಿತು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ," ಎಂದರು ಗುರಲಿಂಗಪ್ಪ. "ಈ ರಾಜಾ ಬಾಯಿ ತೆರದರ ಡಂಗುರಾ ಹೊಡದಂಗ ಆಗ್ತದ. ಹೇಂತಿ ಮುಂದ ಹಿಂಗ ಮಾತಾಡಿದ್ರ ಆಕಿ ರೊಟ್ಟಿ ಹಾಕ್ತಾಳೇನ್ರಿ?"

"ನಾಟಕದಾಗ ನಮ್ಮ ಮಕ್ತುಮಸಾಬನ್ನ ತರ್ರಿ," ಎಂದ ವಿಠೋಬಾ. "ಸಾವಕಾರ್ರು ಅಂವನ ನಕಲು ಮಾಡ್ತಾರಲ್ಲ, ಮಂದಿ ಹೊಟ್ಟಿ ಹಿಡ್ಕೊಂಡು ನಗಬೇಕು!"

ಗುರಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಚ್ಚುತ್ತಲೇ ಉಳಿದರು. "ಅಂವಾ ಯಾಕ ಬಿಡು," ಎಂದರು. ಆದರೆ ಅಷ್ಟರಲ್ಲಿ ನಾಲ್ಕು ಬಾಯಿಗಳು ಮಕ್ತುಮಸಾಬನಂತೆ ಕೂಗತೊಡಗಿದ್ದವು.

ಮಕ್ತುಮಸಾಬ ಊರಿನ ಪಿಂಜಾರ. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು, ಅದರ ನರವನ್ನು ಟಂಯ್ ಎನ್ನಿಸುತ್ತ, "ಅಕ್ಕಾ, ನಿಮ್ದುಕೆ ಗಾದಿ ಕೊಡ್ರಿ, ನಮ್ದುಕೆ ಹತ್ತಿ ಹಿಂಜ್ತದೆ! ನಿಮ್ದುಕೆ ನಿದ್ದಿ, ನಮ್ದುಕೆ ರೊಟ್ಟಿ!" ಎಂದು ಓಣಿ ಓಣಿ ತಿರುಗುತ್ತಿದ್ದನಂತೆ. ನಾನು ಅವನನ್ನು ನೋಡಿಲ್ಲ. ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ, ಸೈನ್ಯ ಬಂದು ಮುಂದೆ ಹೋದ ಮೇಲೆ, ಆ ಸೀಮೆಯ ಊರುಗಳಲ್ಲಿ ಏನೇನು ಆಯಿತೆಂದು ಜನ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಗದ್ದಲ" ಎನ್ನುತ್ತಿದ್ದರು, ಅಷ್ಟೇ. ಆ ಗದ್ದಲದಲ್ಲಿ ಒಂದು ಸಂಜೆ ಮಕ್ತುಮಸಾಬ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಸೋಲಾಪುರದ ಗಿರಣಿಯಲ್ಲಿದ್ದಾನೆ ಎಂದರು ಕೆಲವರು, ಕರಾಚಿಗೆ ಹೋಗಿದ್ದಾನೆ ಎಂದರು ಕೆಲವರು.

ಅವನ ಹೆಂಡತಿ ಹುಸೇನಬಿ ಅದೇ ಮನೆಯಲ್ಲಿದ್ದಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ಗಂಡನಿದ್ದವರು ಹಾಕಿಕೊಳ್ಳುವ ಕರಿಮಣಿ ಸರ. ಗಂಡನ ಬಿಲ್ಲನ್ನು ತಾನೇ ಹಿಡಿದು ಹತ್ತಿ ಹಿಂಜುತ್ತಿದ್ದಳು. ಉದಗೀರದಿಂದ ಅವಳ ಅಣ್ಣ ಇಮಾಮ ಆಗಾಗ ಬಂದು, ಇನ್ನೊಂದು ನಿಕಾ ಮಾಡಿಕೋ ಎಂದು ಜಗಳ ಮಾಡಿ ಹೋಗುತ್ತಿದ್ದ. ಅವಳದು ಒಂದೇ ಮಾತು: ಸತ್ತದ್ದನ್ನು ನೋಡಿದವರು ಒಬ್ಬರು ಬಂದು ಹೇಳಲಿ, ಬಳೆ ತೆಗೆಯುತ್ತೇನೆ, ಅಲ್ಲಿಯತನಕ ನನ್ನ ಗಂಡ ಇದ್ದಾನೆ.

ಗುರಲಿಂಗಪ್ಪ ಸಾವಕಾರರು ಅವಳಿಗೆ ಸುಗ್ಗಿಗೆ ಜೋಳ ಕಳಿಸುತ್ತಿದ್ದರು. ಚಳಿಗಾಲ ಬಂದೊಡನೆ ತಮ್ಮ ಮನೆಯ ಗಾದಿಗಳನ್ನು ಹಿಂಜಲು ಕೊಡುತ್ತಿದ್ದರು. ಹೋದ ವರ್ಷವೇ ಹಿಂಜಿದವು, ಇನ್ನೂ ಹೂವಿನಂತಿದ್ದವು, ಆದರೂ ಕೊಡುತ್ತಿದ್ದರು. ಶರಣರ ಮನೆತನ, ದಾನದ ಕೈ ಎಂದು ನಾನು ಮನಸ್ಸಿನಲ್ಲೇ ಕೈಮುಗಿದಿದ್ದೆ.

ಪಾತ್ರ ಬರೆಯಬೇಕಲ್ಲ, ನಾನು ಅಂಗಡಿ ಅಂಗಡಿ ತಿರುಗಿ, ಮಕ್ತುಮಸಾಬ ಹೇಗೆ ಮಾತಾಡುತ್ತಿದ್ದ ಎಂದು ಕೇಳಿ ಬರೆದುಕೊಂಡೆ. ಪ್ರತಿಯೊಬ್ಬನೂ ಬಾಯಿ ತುಂಬ ಕೊಟ್ಟ. ಕೋಣೆಗೆ ಬಂದು ಓದಿಕೊಂಡರೆ ಕಾಗದದ ಮೇಲೆ ನಮ್ದುಕೆ ನಿಮ್ದುಕೆ ಮಾತ್ರ ಇತ್ತು, ಮನುಷ್ಯ ಇರಲಿಲ್ಲ. ಅಕ್ಷರ ಎಳೆದು ನೋಡಿದೆ, ಮೊಟಕು ಮಾಡಿ ನೋಡಿದೆ. ಹುಣಸೆಹಣ್ಣಿನ ತಿರುಳು ಬಿಟ್ಟು ಸಿಪ್ಪೆ ಇಟ್ಟುಕೊಂಡಂತಾಗಿತ್ತು. ಕಡೆಗೆ, ಕೇಳಿದರೆ ಅವಳಿಗೆ ನೋವಾದೀತು, ಕೇಳದೆ ಬರೆದರೆ ಇನ್ನೂ ನೋವಾದೀತು ಎಂದು ಎರಡು ದಿನ ಒದ್ದಾಡಿ ಹುಸೇನಬಿಯ ಮನೆಗೇ ಹೋದೆ.

ಅಂಗಳದಲ್ಲಿ ಬಿಳಿ ಮೋಡದಂಥ ಹತ್ತಿಯ ನಡುವೆ ಕುಳಿತಿದ್ದಳು. ಸೀನುತ್ತಲೇ ವಿಷಯ ಹೇಳಿದೆ.

"ಬರೀರಲ್ಲ ಮಾಸ್ಟರಸಾಬ. ಊರ ಮಂದಿ ನೆನಸ್ತಾರ ಅಂದ್ರ ಬ್ಯಾಡ ಅನ್ಲಾ? ಖರೆ ಅವರು ಮನ್ಯಾಗ ಹಂಗ ಮಾತಾಡಂಗಿಲ್ಲ."

"ಮತ್ತೆ?"

"ಅದು ಬಜಾರದ ಮಾತರೀ. ನಿಮ್ಮ ಹೆಣ್ಮಕ್ಕಳು ನಕ್ಕರ ಗಾದಿ ಕೊಡ್ತಾರ, ಅದಕ್ಕ. ಅಂಗಿ ಹಾಕ್ಕೊಂಡಂಗ ಹಾಕ್ಕೊಂಡು ಹೋಗ್ತಾರ, ಮನಿಗಿ ಬಂದು ಗೂಟಕ್ಕ ಹಾಕ್ತಾರ. ಮನ್ಯಾಗ ನಿಮ್ಮಂಗ, ನಮ್ಮಂಗೇ ಮಾತು. ಸಾವಕಾಶ. ಒಂದೊಂದು ಮಾತು ಎರಡ ಸಲ ಅಂತಾರ. ಮೊದಲನೇದು ನಮಗ, ಎರಡನೇದು ತಮಗಽ ಅಂದಂಗ, ಮೆಲ್ಲಕ. 'ನೀರು ಕೊಡು... ನೀರು ಕೊಡು.' ಹಿಂಗ." ಎರಡನೆಯದನ್ನು ಆಕೆ ತುಟಿಯೊಳಗೇ ಅಂದಳು. ಅಂದು, ಕೈಯಲ್ಲಿದ್ದ ಹತ್ತಿ ನೋಡುತ್ತ ಕುಳಿತಳು. "ನಾ ಮಾಡಿದ್ರ ನನ್ನ ದನಿನೇ ಬರ್ತದ. ಅವರ ಮಾತೆಲ್ಲಾ ನೆನಪದಾವ, ದನಿ ಹೊಂಟಾದ ಮಾಸ್ಟರಸಾಬ. ಮೊದಲ ಕಣ್ಣು ಮುಚ್ಚಿದ್ರ ಕೇಳ್ತಿತ್ತು."

ನಾನು ಪೆನ್ಸಿಲ್ ತೆಗೆದೆ. ಆಕೆ ಕೈ ಅಡ್ಡ ಮಾಡಿದಳು. "ಇದು ಬರೀಬ್ಯಾಡ್ರಿ. ಯಾರ ಮುಂದೂ ಅನಬ್ಯಾಡ್ರಿ. ಬಜಾರದ್ದು ನಿಮ್ಮದು, ತಗೋರಿ. ಇದು ನಮ್ಮ ಮನಿದು."

ಬರೆಯಲಿಲ್ಲ, ಯಾರ ಮುಂದೂ ಅನ್ನಲಿಲ್ಲ. ಹೇಳಿಬಿಟ್ಟೇನೋ ಎಂದು ಹೆದರಿ ಎರಡು ದಿನ ವಿಠೋಬಾನ ಅಂಗಡಿಯ ಕಡೆಗೂ ಹೋಗಲಿಲ್ಲ.

ಸಾಬನ ಪಾತ್ರ ಬಜಾರದ ಮಾತಿನಲ್ಲೇ ಬೆಳೆಯಿತು. ಗುರಲಿಂಗಪ್ಪ ಒಲ್ಲೆ ಒಲ್ಲೆ ಎನ್ನುತ್ತಲೇ ಅದನ್ನು ಹಿಡಿದರು. ಅವರಲ್ಲದೆ ಬೇರೆಯವರಿಗೆ ಅದು ಬರುತ್ತಲೂ ಇರಲಿಲ್ಲ. ಕಡೆಯ ಅಂಕದಲ್ಲಿ ನಾನು ಒಂದು ನಗೆಯ ಪ್ರವೇಶ ಇಟ್ಟಿದ್ದೆ. ಸಿಪಾಯಿಗಳು ಪಿಂಜಾರನನ್ನು ಕಳ್ಳನೆಂದು ಬೆನ್ನಟ್ಟುತ್ತಾರೆ. ಅವನು ಓಡಿಬಂದು ಒಂದು ಮನೆಯ ಬಾಗಿಲು ಬಡಿಯುತ್ತಾನೆ. ಒಳಗಿರುವವನು ವೇಷ ಮರೆಸಿದ ರಾಜ. ಇದು ನನ್ನ ಮೆಚ್ಚಿನ ಪ್ರವೇಶ. ಗುರಲಿಂಗಪ್ಪ ಮಾತ್ರ ಅದು ಬಂದಾಗಲೆಲ್ಲ ಗಿರಾಕಿ ಬಂದಾರ ಎಂದೋ, ಗಂಟಲು ಕೆಟ್ಟದ ಎಂದೋ ಎದ್ದು ಹೋಗುತ್ತಿದ್ದರು. "ಅದೊಂದು ತೆಗದ ಬಿಡ್ರಿ ಮಾಸ್ತರ," ಎಂದರು ಒಮ್ಮೆ. ಪ್ರವೇಶ ಚೆನ್ನಾಗಿಲ್ಲವೇನೋ ಎಂದು ನಾನು ಅದನ್ನು ಮತ್ತೆ ಮತ್ತೆ ತಿದ್ದಿದೆ. ಅವರ ಮುಖ ನೋಡುವುದು ನನಗೆ ಹೊಳೆಯಲಿಲ್ಲ. ನನ್ನ ಹಾಳೆ ನೋಡಿಕೊಳ್ಳುತ್ತಿದ್ದೆ.

ಶಿವರಾತ್ರಿ ಹತ್ತಿರ ಬಂತು. ಒಂದು ಮಧ್ಯಾಹ್ನ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ವಿಠೋಬಾ ಕೆಣಕಿದ. "ಸಾವಕಾರ್ರಿಗಿ ಮಾತು ಪಾಠ ಆಗಿಲ್ಲರೀ. ತೂಕಾ ಹೊಡಿಯೋದು ಒಂದಽ ಪಾಠ ಆಗ್ಯಾದ."

ಎಲ್ಲರೂ ನಕ್ಕರು. ಗುರಲಿಂಗಪ್ಪ ಎದ್ದರು. ಗೋದಾಮಿನ ಹಿಂದೆ ಓಣಿಗೆ ತೆರೆಯುವ ಒಂದು ದಪ್ಪ ಬಾಗಿಲಿತ್ತು, ಅದಕ್ಕೆ ಅಡ್ಡಗೋಲಿನ ಅಗಳಿ. ಅದರ ಎದುರು ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಆಗಲೇ ಹುಸೇನಬಿ ಹಿಂಜಿ ಹೊಲಿದ ಗಾದಿಯನ್ನು ತಲೆಯ ಮೇಲೆ ಹೊತ್ತು ಮುಂಬಾಗಿಲಿನಿಂದ ಬಂದಳು. ತಾಲೀಮು ನಡೆದದ್ದು ನೋಡಿ ಚೀಲಗಳ ಹಿಂದೆ ತಡೆದು ನಿಂತಳು. ಅವರು ನೋಡಲಿಲ್ಲ.

ಬಾಗಿಲು ಬಡಿದರು. "ಅರೇ ರಾಜಾಸಾಬ, ನಮ್ದುಕೆ ಬಾಗ್ಲು ತೆಗೀರಿ! ನಿಮ್ದುಕೆ ಪುಕ್ಕಟೆ ಗಾದಿ ಹೊಲಿತದೆ!" ವಿಠೋಬಾ ನಗೆ ತಡೆಯಲಾರದೆ ಬಾಯಿಗೆ ಟೋಪಿ ಒತ್ತಿಕೊಂಡ.

ಮುಂದಿನ ಮಾತು ಬರಲಿಲ್ಲ. ಎತ್ತಿದ ಕೈ ಬಾಗಿಲ ಮೇಲೆಯೇ ನಿಂತಿತ್ತು. ಮರೆತರೇನೋ ಎಂದು ನಾನು ಹಾಳೆ ತಿರುವಿದೆ. ಆಮೇಲೆ ಒಂದು ದನಿ ಬಂತು. ಅದು ಗುರಲಿಂಗಪ್ಪನವರದಲ್ಲ, ಬಜಾರದ ಪಿಂಜಾರನದೂ ಅಲ್ಲ.

"ಗುರಣ್ಣಾ, ನಾ ಇದೀನಿ. ಬಾಗಲಾ ತೆಗಿ."

ಸ್ವಲ್ಪ ತಡೆದು, ತನಗೇ ಅಂದುಕೊಂಡಂತೆ, ಮೆಲ್ಲಗೆ:

"ನಾ ಇದೀನಿ. ಬಾಗಲಾ ತೆಗಿ."

"ಗುರಣ್ಣ ಯಾರ್ರಿ ಸಾವಕಾರ್ರ? ಒಳಗ ನಾ ರಾಜಾ ಇದೀನಿ," ಎಂದ ವಿಠೋಬಾ ನಗುತ್ತಲೇ. ಅನ್ನುವಷ್ಟರಲ್ಲಿ ಅವನ ನಗೆ ಆರಿತು.

ನನ್ನ ಹಾಳೆಯಲ್ಲಿ ಆ ಮಾತು ಇರಲಿಲ್ಲ. ಆ ದನಿ ಬಜಾರದಲ್ಲಿ ಯಾರೂ ಕೇಳಿರಲಿಲ್ಲ. ಅದು ಮಕ್ತುಮಸಾಬನ ಮನೆಯ ದನಿ. ಮನೆಯವಳು ನನಗೊಬ್ಬನಿಗೇ ಹೇಳಿದ್ದಳು, ನಾನು ಯಾರಿಗೂ ಹೇಳಿರಲಿಲ್ಲ. ಚೀಲಗಳ ಹಿಂದೆ ಗಾದಿ ಧಪ್ಪೆಂದು ಬಿತ್ತು.

ಹುಸೇನಬಿ ಮುಂದೆ ಬಂದಳು. ಗುರಲಿಂಗಪ್ಪ ತಿರುಗಲಿಲ್ಲ.

"ಸಾವಕಾರ್ರ, ಇದು ಎಲ್ಲಿ ಕೇಳಿದ್ರಿ?"

ಬಾಗಿಲಿನಿಂದ ಕೈ ತೆಗೆಯದೆಯೇ ಅವರು ಅಂದರು, "ಇಲ್ಲೇ, ತಂಗಿ. ಈ ಬಾಗಲಾ."

"ನೀವು ಒಳಗಿದ್ರಿ?"

"ಒಳಗಿದ್ದೆ. ಅಗಳಿ ಮ್ಯಾಲ ಕೈ ಇತ್ತು. ಅವ್ವ ಇದ್ದಳು, ಕೂಸುಗಳಿದ್ವು, ಓಣಿ ತುಂಬ ಮಂದಿ ಬರಾಕತ್ತಿದ್ರು. ತೆಗೀಬೇಕು ಅಂತ ಕೈ ಇಟ್ಟೆ. ಕೈ ಅಲ್ಲೇ ಉಳೀತು."

"ಆಮ್ಯಾಲ?"

"ಆಮ್ಯಾಲ ಅಂವಾ ಬಡೀಲಿಲ್ಲ."

"ಎಲ್ಲಿ ಅದಾರ?"

"ನಮ್ಮ ಹೊಲದ ಬಾವ್ಯಾಗ. ನಾಕ ಮಂದಿ ಕೂಡ. ಮಣ್ಣು ನಾನೇ ಹಾಕಿಸೀನಿ."

ಎಳ್ಳಮಾವಾಸ್ಯೆಯ ದಿನ ನಾನು ಆ ಕಟ್ಟೆಗೆ ಬೆನ್ನು ಕೊಟ್ಟು ಅಂಬಲಿ ಕುಡಿದಿದ್ದೆ.

ಯಾರು ಕೊಂದರೆಂದು ಆಕೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಊರಿನ ಯಾವ ಗಾದಿಯ ಮೇಲೆ ಯಾರು ಮಲಗುತ್ತಾರೆಂಬುದು ಅವಳಿಗೆ ಗೊತ್ತಿತ್ತು. ತಕ್ಕಡಿಯ ಬಳಿ ಕುಳಿತು, ಕೈಯನ್ನು ತೂಕದ ಕಲ್ಲಿಗೆ ಬಡಿದಳು. ಹಸಿರು ಬಳೆ ತೊಗರಿ ಕಾಳಿನ ಮೇಲೆ ಚೆಲ್ಲಿದವು. ಇನ್ನೊಂದು ಕೈ. ಆಮೇಲೆ ಕರಿಮಣಿ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ಗಾಜು ಅವಳ ಕೈಗೆ ಹೊಕ್ಕಿತ್ತು, ನಂಜಾದೀತು ಎಂದು ನಾನು ಯೋಚಿಸುತ್ತಿದ್ದೆ. ಅಂಥ ಹೊತ್ತಿನಲ್ಲೂ ನನಗೆ ತೋಚಿದ್ದು ಅದು.

ಎದ್ದು ನಿಂತು ಆಕೆ ಅಂದಳು: "ಇನ್ನೊಮ್ಮೆ ಅನ್ರಿ."

"ಏನ, ತಂಗಿ?"

"ಅವರು ಅಂದದ್ದು. ದನಿ ನನ್ನ ಹಂತೇಕ ಉಳಿದಿಲ್ಲ. ನಿಮ್ಮ ಬಾಯಾಗ ಅದ. ಅನ್ರಿ."

ಗುರಲಿಂಗಪ್ಪ ಅಂದರು. ಎರಡನೆಯ ಸಲ ಮೆಲ್ಲಗೆ. ಆಕೆ ಕಣ್ಣು ಮುಚ್ಚಿ ಕೇಳಿ, ಬಿದ್ದ ಗಾದಿಯನ್ನು ಎತ್ತಿ ಚೀಲದ ಮೇಲಿಟ್ಟು, ಹೊರಟುಹೋದಳು.

ನಾಟಕ ಆಗಲಿಲ್ಲ. ಯಾಕೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಬಾವಿಯ ಮೇಲಿನ ಜಾಲಿ ಕಡಿಸಿ, ಇಮಾಮನೂ ಅವನ ಜೊತೆ ಬಂದ ಹಿರಿಯರೂ ಅಲ್ಲಿ ದುವಾ ಓದಿದರು. ಪೊಲೀಸರವರೆಗೆ ಯಾರೂ ಹೋಗಲಿಲ್ಲ. ಆ ಚಳಿಗಾಲ ಕಳೆದು ಬೇಸಿಗೆ ಬಂದರೂ ಗುರಲಿಂಗಪ್ಪ ಮತ್ತೆ ಯಾರ ನಕಲನ್ನೂ ಮಾಡಲಿಲ್ಲ. ಅಮಾವಾಸ್ಯೆಗೊಮ್ಮೆ ಮಾತ್ರ ಹುಸೇನಬಿ ಬಂದು ಗೋದಾಮಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವರು ಗಿರಾಕಿಗಳನ್ನು ಹೊರಗೆ ಕಳಿಸಿ, ಹಿಂಬಾಗಿಲಿಗೆ ಮುಖ ಮಾಡಿ, ಆ ಮಾತು ಅನ್ನುತ್ತಿದ್ದರು. ಮೇಲಿನ ಕೋಣೆಯಲ್ಲಿ ನಾನು ಕಿವಿ ಮುಚ್ಚಿಕೊಂಡರೂ ಅದು ಹಲಗೆಯ ಸಂದಿನಿಂದ ಬರುತ್ತಿತ್ತು. ಇಮಾಮ, ಈಗಲಾದರೂ ನಿಕಾ ಮಾಡಿಕೋ, ಸತ್ತದ್ದು ತಿಳಿಯಿತಲ್ಲ ಎಂದನಂತೆ. "ಅವರು ಇನ್ನೂ ಮಾತಾಡಾಕತ್ತಾರ, ಭಾಯಿ. ಹ್ಯಾಂಗ ಮಾಡ್ಕೊಳ್ಳಲಿ?" ಎಂದಳಂತೆ.

ರಾಜ್ಯ ಹಂಚಿಕೆಯಾಗಿ ಆ ಊರು ಆ ಕಡೆ ಉಳಿಯಿತು, ನಾನು ಈ ಕಡೆ ಬಂದೆ. ನೌಕರಿ ಹೋಗಲಿಲ್ಲ, ಮದುವೆ ಮುರಿಯಲಿಲ್ಲ. ನಾನು ಹೆದರಿದ್ದು ಒಂದೂ ಆಗಲಿಲ್ಲ. ಆಮೇಲೆ ನಾಲ್ಕಾರು ನಾಟಕ ಬರೆದೆ. ನಮ್ಮ ಸೀಮೆಯ ಮಾತನ್ನು ಹಾಗೆ ಹಾಗೇ ಕಾಗದಕ್ಕಿಳಿಸುವುದರಲ್ಲಿ ಇವರ ಕೈ ಪಳಗಿದೆ ಎಂದು ಪತ್ರಿಕೆಯವರು ಬರೆದರು. ಆ ಒಂದು ಮಾತನ್ನೂ ಇಳಿಸಲು ಎಷ್ಟೋ ಸಲ ಕುಳಿತಿದ್ದೇನೆ. ನಡುವೆ ಚುಕ್ಕೆ ಇಟ್ಟಿದ್ದೇನೆ, ಎರಡನೆಯದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ, ಕಂಸದಲ್ಲಿ 'ಮೆಲ್ಲಗೆ' ಎಂದಿದ್ದೇನೆ. ಒಂದರಲ್ಲೂ ಬಾಗಿಲ ಹೊರಗೆ ಯಾರೂ ನಿಂತಿರುವುದಿಲ್ಲ.

ಬಸ್ಸು ಇಳಿದವನು ಚಹಾ ಬಿಟ್ಟು ಆ ಓಣಿಗೆ ಹೋದೆ. ಗೋದಾಮಿಗೆ ಮರಾಠಿ ಬೋರ್ಡು ಬಂದಿತ್ತು. ಹಣದ ಗಲ್ಲೆಯ ಮುಂದೆ ಕುಳಿತಿದ್ದ ಸಾವಕಾರರ ಮಗ, ಅಪ್ಪ ಹೋದ ಸುಗ್ಗಿಯಲ್ಲಿ ತೀರಿಕೊಂಡರು ಎಂದ. ಮೈಯ ಒಂದು ಕಡೆ ಬಿದ್ದು ಕಡೆಕಡೆಗೆ ಮಾತೇ ನಿಂತಿತ್ತಂತೆ.

ಹುಸೇನಬಿ ತನ್ನ ಅಂಗಳದಲ್ಲೇ ಇದ್ದಳು. ಬರಿಗೈಯಲ್ಲಿ ಹಳೆಯ ಹತ್ತಿಯ ಗಂಟು ಬಿಡಿಸುತ್ತಿದ್ದಳು. ನಾನು ಸೀನಿದೆ.

"ಮಾಸ್ಟರಸಾಬ ಏನು?" ಎಂದಳು ತಲೆ ಎತ್ತದೆಯೇ.

ಕುಶಲ ಕೇಳಿದೆ. ಆಕೆ ಗಂಟು ಬಿಡಿಸುತ್ತಲೇ ಅಂದಳು, "ಸಾವಕಾರ ಹೋದ್ರು. ಅವರ ಬಾಯಿ ಬಿದ್ದ ಮ್ಯಾಲೂ ನಾ ಹೋಗಿ ಕುಂದರ್ತಿದ್ದೆ. ಕಣ್ಣಾಗ ನೀರು ತರ್ತಿದ್ರು, ಮಾತು ಬರ್ತಿದ್ದಿಲ್ಲ." ಹತ್ತಿ ಬದಿಗಿಟ್ಟಳು. "ನೀವು ಅವತ್ತು ಅಲ್ಲೇ ಇದ್ರಿ. ನಾಟಕ ಬರೆಯೋರು. ನಿಮಗ ಬರ್ತದೇನು?"

ಅತ್ತ ಬಸ್ಸು ಒಮ್ಮೆ ಹಾರನ್ನು ಹೊಡೆಯಿತು. ನಾನು ಗಂಟಲು ಸರಿಮಾಡಿಕೊಂಡೆ. "ಗುರಣ್ಣಾ, ನಾ ಇದೀನಿ. ಬಾಗಲಾ ತೆಗಿ," ಎಂದೆ. ತಡೆದೆ. ಎರಡನೆಯದನ್ನು ಮೆಲ್ಲಗೆ ಅಂದೆ.

ಆಕೆ ಕಣ್ಣು ಮುಚ್ಚಿ ಕೇಳಿದಳು. ಕಣ್ಣು ತೆರೆದು, "ಪಾಠ ಓದಿದಂಗ ಆತು," ಎಂದಳು. ಸಿಟ್ಟಿನಿಂದಲ್ಲ.

ಬಸ್ಸು 'ಬರುತ್ತೀಯೋ ಇಲ್ಲವೋ' ಎಂಬಂತೆ ಉದ್ದಕ್ಕೆ ಕೂಗಿತು. ಚೀಲ ಒಳಗೇ ಇತ್ತು, ಗುಳಿಗೆಗಳೂ. ಹುಸೇನಬಿ ಮಗ್ಗುಲಿಗಿದ್ದ ಹತ್ತಿಯನ್ನು ಸರಿಸಿ ನೆಲ ತೋರಿಸಿದಳು.

"ಕುಂದರ್ರಿ. ಇನ್ನೊಮ್ಮೆ ಅನ್ರಿ."

ಓಣಿಯ ತುದಿಯಲ್ಲಿ ಬಸ್ಸು ಹೊರಟ ಸದ್ದಾಯಿತು. ನಾನು ಕುಳಿತುಕೊಂಡು, ಇನ್ನೊಮ್ಮೆ ಅಂದೆ.